ಮಿಂಚುಹುಳು ಹುಳುವಲ್ಲ, ಫೈರ್‌ಫ್ಲೈ ನೊಣವಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ಕತ್ತಲಲ್ಲಿ ಮಿನುಗುತ್ತ ಹಾರುವ ಪುಟ್ಟ ಜೀವಿಯೊಂದನ್ನು ನಾವು ಕನ್ನಡದಲ್ಲಿ ಮಿಂಚುಹುಳು ಎಂದು ಕರೆಯುತ್ತೇವೆ. ಅದಕ್ಕೇ ಇಂಗ್ಲಿಷಿನಲ್ಲಿ ಫೈರ್‌ಫ್ಲೈ ಎಂಬ ಹೆಸರು; ಎಂದರೆ ಬೆಂಕಿನೊಣ. ಪ್ರಾಣಿಶಾಸ್ತ್ರವನ್ನು ಕೇಳಿದರೆ ಅದು ಹುಳುವೂ ಅಲ್ಲ, ನೊಣವೂ ಅಲ್ಲ. ಮುಂದಿನ ಜೋಡಿ ರೆಕ್ಕೆಯನ್ನು ಮುಚ್ಚಳದಂತೆ ಮಾಡಿಕೊಂಡು, ಹಾರುವ ರೆಕ್ಕೆಯನ್ನು ಅದರಡಿ ಮಡಚಿಡುವ ಜೀರುಂಡೆಗಳ ಗುಂಪಿಗೆ ಸೇರಿದ ಕೀಟ. ಎರಡು ಭಾಷೆಗಳೂ ಒಂದೇ ಜೀವಿಯನ್ನು ನೋಡಿ ಎರಡು ಬೇರೆ ಬೇರೆ ಗುಂಪಿಗೆ ಸೇರಿಸಿವೆ, ಎರಡೂ ತಪ್ಪಿವೆ. ಮನೆಯಲ್ಲಿ ಒಂದು ಭಾಷೆ, ಪಾಠದ ಪುಸ್ತಕದಲ್ಲಿ ಇನ್ನೊಂದು ಭಾಷೆ ಇರುವ ಪ್ರಾಥಮಿಕ ಶಾಲೆಯ ಮಗುವಿಗೆ ಪ್ರಾಣಿಗಳ ವರ್ಗೀಕರಣವನ್ನು ಕಲಿಸುವ ಬಗೆ ಹೇಗೆ ಎಂಬುದು ಇಂದಿನ ನನ್ನ ಮಾತಿನ ವಿಷಯ. ಎರಡು ಭಾಷೆಯ ಮಗುವಿಗೆ ಈ ಪಾಠ ಹೆಚ್ಚು ಕಷ್ಟ ಎಂದು ಸಾಮಾನ್ಯವಾಗಿ ನಂಬಲಾಗಿದೆ. ಒಂದೇ ಪ್ರಾಣಿಗೆ ಎರಡು ಹೆಸರು ಬಲ್ಲ ಮಗುವಿಗೆ, ಹೆಸರೇ ಗುಂಪಲ್ಲ ಎಂಬ ಅರಿವು ಬೇಗ ಸಿಗುತ್ತದೆ, ವರ್ಗೀಕರಣದ ಪಾಠದ ತಿರುಳೂ ಅದೇ ಎಂಬುದು ನನ್ನ ಅಭಿಪ್ರಾಯ.

ಹುಳು ಎಂಬ ಪದವನ್ನೇ ಇನ್ನಷ್ಟು ನೋಡೋಣ. ಎರೆಹುಳು, ಕಂಬಳಿಹುಳು, ರೇಷ್ಮೆಹುಳು, ಬಸವನಹುಳು, ಮಿಂಚುಹುಳು: ಕನ್ನಡ ಬಲ್ಲ ಮಗುವಿಗೆ ಇವೆಲ್ಲ ಒಂದೇ ಮನೆತನದವು. ಎರೆಹುಳುವಿನ ಮೈ ಉಂಗುರಗಳ ಸಾಲು, ಅದಕ್ಕೆ ಕಾಲೇ ಇಲ್ಲ. ಕಂಬಳಿಹುಳುವೂ ರೇಷ್ಮೆಹುಳುವೂ ಮುಂದೆ ರೆಕ್ಕೆ ಮೂಡಿ ಚಿಟ್ಟೆಯೋ ಪತಂಗವೋ ಆಗಲಿರುವ ಮರಿಗಳು. ಬಸವನಹುಳು ಮೆತ್ತನೆಯ ಮೈಯ ಮೃದ್ವಂಗಿ. ವರ್ಗೀಕರಣದಲ್ಲಿ ಅದರ ನೆಂಟಸ್ತಿಕೆ ಇರುವುದು ಕಪ್ಪೆಚಿಪ್ಪಿನ ಜೊತೆಗೆ, ಮತ್ತು ಕಪ್ಪೆಚಿಪ್ಪಿಗೂ ಕಪ್ಪೆಗೂ ಯಾವ ಸಂಬಂಧವೂ ಇಲ್ಲ. ಇಂಗ್ಲಿಷಿನ ಸ್ಥಿತಿ ಇದಕ್ಕಿಂತ ಮೇಲೆಂದು ತಿಳಿಯಬೇಕಾಗಿಲ್ಲ. ಅಲ್ಲಿ ಸ್ಟಾರ್‌ಫಿಶ್, ಜೆಲ್ಲಿಫಿಶ್, ಸಿಲ್ವರ್‌ಫಿಶ್ ಎಂಬ ಮೂರು ಹೆಸರುಗಳಲ್ಲಿ ಮೀನು ಕುಳಿತಿದೆ. ಮೂರರಲ್ಲಿ ಒಂದೂ ಮೀನಲ್ಲ, ಸಿಲ್ವರ್‌ಫಿಶ್ ಅಂತೂ ಹಳೆಯ ಪುಸ್ತಕಗಳ ನಡುವೆ ಓಡಾಡುವ ಕೀಟ. ನಾವು ಮುಳ್ಳುಹಂದಿ ಎನ್ನುವ ಪ್ರಾಣಿ ಹಂದಿಯಲ್ಲ, ಇಲಿ ಅಳಿಲುಗಳ ಬಳಗದ ದಂಶಕ ಎಂದು ಹೇಳಿ ಇಂಗ್ಲಿಷಿನ ಪಾರ್ಕ್ಯುಪೈನ್ ಎಂಬ ಹೆಸರಿಗೆ ಹೊರಳಿದರೆ, ಆ ಪದದ ಮೂಲಾರ್ಥವೂ ಮುಳ್ಳಿನ ಹಂದಿ ಎಂದೇ ಇರುವುದು ಕಾಣುತ್ತದೆ. ಕೆಲವೊಮ್ಮೆ ಎರಡು ಭಾಷೆಗಳು ಒಟ್ಟಾಗಿಯೇ ತಪ್ಪುತ್ತವೆ.

ಇಂಥ ಹೆಸರುಗಳನ್ನು ಅಕ್ಕಪಕ್ಕದಲ್ಲಿಟ್ಟು ಮಕ್ಕಳಿಗೆ ತೋರಿಸಿದರೆ ಅವರು ನಗುತ್ತಾರೆ, ಆಮೇಲೆ ತಾವೇ ಹೊಸ ಜೋಡಿಗಳನ್ನು ಹುಡುಕಿ ತರುತ್ತಾರೆ. ಒಂದೇ ಭಾಷೆ ಬಲ್ಲ ಮಗು ಮಿಂಚುಹುಳು ಹುಳುವೇ ಇರಬೇಕು ಎಂದುಕೊಂಡು ಸುಮ್ಮನಾಗಬಹುದು. ಇನ್ನೊಂದು ಭಾಷೆ ಅದನ್ನು ನೊಣ ಎನ್ನುತ್ತದೆ ಎಂದು ತಿಳಿದ ಮಗು ಮಾತ್ರ, ಹಾಗಾದರೆ ಅದು ನಿಜವಾಗಿ ಏನು ಎಂದು ಕೇಳುತ್ತದೆ. ಆ ಪ್ರಶ್ನೆ ಮಗುವಿನ ಬಾಯಿಂದಲೇ ಬಂದ ಮೇಲೆ ಪಾಠವನ್ನು ಆರಂಭಿಸುವುದು ಸುಲಭ.

ಎಲ್ಲಕ್ಕಿಂತ ಹೆಚ್ಚು ತೊಡಕು ಕೊಡುವ ಪದ ಪ್ರಾಣಿ. ಪ್ರಾಣವುಳ್ಳದ್ದು ಪ್ರಾಣಿ, ಇಂಗ್ಲಿಷಿನ ಅನಿಮಲ್ ಪದವೂ ಲ್ಯಾಟಿನಿನಲ್ಲಿ ಉಸಿರು, ಜೀವ ಎಂಬ ಅರ್ಥವಿರುವ ಅನಿಮಾ ಎಂಬ ಪದದಿಂದ ಬಂದಿದೆ. ಮೂಲದಲ್ಲಿ ಇಷ್ಟು ವಿಶಾಲವಾಗಿದ್ದ ಎರಡೂ ಪದಗಳು ದಿನದ ಬಳಕೆಯಲ್ಲಿ ಕುಗ್ಗಿ, ನಾಲ್ಕು ಕಾಲೂ ಮೈಮೇಲೆ ಕೂದಲೂ ಇರುವ ಜೀವಿಗಳಿಗಷ್ಟೇ ಸಲ್ಲುವಂತಾಗಿವೆ. ನಾವು ಪ್ರಾಣಿಪಕ್ಷಿಗಳು ಎಂಬ ಜೋಡುಪದವನ್ನು ಎಷ್ಟು ಸಹಜವಾಗಿ ಬಳಸುತ್ತೇವೆಂದರೆ, ಪಕ್ಷಿಯು ಪ್ರಾಣಿಯಲ್ಲ ಎಂಬ ಅರ್ಥ ಅದರೊಳಗೆ ಅಡಗಿರುವುದು ನಮ್ಮ ಗಮನಕ್ಕೇ ಬರುವುದಿಲ್ಲ. ಸೊಳ್ಳೆ ಪ್ರಾಣಿಯೇ, ಜೇಡ ಪ್ರಾಣಿಯೇ, ಮೀನು ಪ್ರಾಣಿಯೇ ಎಂದು ಒಂದೊಂದಾಗಿ ಕೇಳಿದರೆ ಚಿಕ್ಕ ಮಕ್ಕಳಲ್ಲಿ ಅನೇಕರು ಅಲ್ಲ ಎನ್ನುತ್ತಾರೆ. ಸೊಳ್ಳೆ ಸೊಳ್ಳೆಯೇ, ಅದು ಪ್ರಾಣಿ ಹೇಗಾದೀತು ಎಂಬುದು ಅವರ ವಾದ. ಇದನ್ನು ತಿದ್ದದೆ ಬೆನ್ನುಮೂಳೆಯಿರುವ ಕಶೇರುಕ, ಅದಿಲ್ಲದ ಅಕಶೇರುಕ ಎಂದು ಮುಂದಕ್ಕೆ ಹೋದರೆ, ಮಗು ಆ ಪದಗಳನ್ನು ಬಾಯಿಪಾಠ ಮಾಡುತ್ತದೆ, ಆದರೆ ಜಗತ್ತಿನ ಹೆಚ್ಚಿನ ಪ್ರಾಣಿಗಳು ಅದರ ಲೆಕ್ಕದಿಂದ ಹೊರಗೇ ಉಳಿಯುತ್ತವೆ. ಹೆಸರಿಟ್ಟು ದಾಖಲಿಸಿರುವ ಪ್ರಾಣಿ ಪ್ರಭೇದಗಳು ಸುಮಾರು 15 ಲಕ್ಷ. ಅವುಗಳಲ್ಲಿ ಸುಮಾರು 10 ಲಕ್ಷ ಕೀಟಗಳೇ. ಬೆನ್ನುಮೂಳೆಯಿರುವವು ನೂರಕ್ಕೆ 5ರ ಆಸುಪಾಸಿನಲ್ಲಿವೆ. ಮಗು ಪ್ರಾಣಿ ಎಂದ ಕೂಡಲೇ ನೆನೆಯುವ ಸಸ್ತನಿಗಳ ಪ್ರಭೇದಗಳು ಹೆಚ್ಚುಕಡಿಮೆ 6,500 ಮಾತ್ರ.

ಮನುಷ್ಯನೂ ಒಂದು ಪ್ರಾಣಿ ಎಂದಾಗ ಬರುವ ಆಕ್ಷೇಪ ಇನ್ನೂ ಬಲವಾದದ್ದು, ಅದಕ್ಕೆ ಮಗುವಿನ ವ್ಯಾಕರಣದಲ್ಲೇ ಆಧಾರವಿದೆ. ಕನ್ನಡದಲ್ಲಿ ಹುಡುಗ ಬಂದನು, ಹುಡುಗಿ ಬಂದಳು, ಹಸು ಬಂದಿತು. ಮಕ್ಕಳಾದರೆ ಇಬ್ಬರು, ಹಸುಗಳಾದರೆ ಎರಡು. ಇಂಗ್ಲಿಷಿನಲ್ಲಿ ಮಕ್ಕಳಿಗೂ ಹಸುಗಳಿಗೂ ಟೂ ಎಂಬ ಒಂದೇ ಎಣಿಕೆ. ಹಾಗಾಗಿ ಕನ್ನಡ ಮಾತನಾಡುವ ಮಗು ಶಾಲೆಗೆ ಬರುವ ಮುಂಚೆಯೇ ಲೋಕವನ್ನು ಎರಡಾಗಿ ವಿಂಗಡಿಸಿ ಆಗಿದೆ. ಅದಕ್ಕೆ ವರ್ಗೀಕರಣ ಹೊಸ ವಿದ್ಯೆಯೇನಲ್ಲ. ನೀನು ಇಬ್ಬರು ಎನ್ನುವುದು ಯಾರಿಗೆ, ಎರಡು ಎನ್ನುವುದು ಯಾವುದಕ್ಕೆ ಎಂದು ಮಗುವನ್ನೇ ಕೇಳಿ, ಅದು ಭಾಷೆಯ ವಿಂಗಡಣೆ, ಮೈಯ ರಚನೆಯನ್ನು ನೋಡಿ ಮಾಡುವ ವಿಂಗಡಣೆ ಬೇರೆ ಎಂದು ತೋರಿಸಿದರೆ, ಮನುಷ್ಯನನ್ನು ಸಸ್ತನಿಗಳ ಸಾಲಿನಲ್ಲಿ ನಿಲ್ಲಿಸುವುದು ಅವಮಾನದ ಮಾತಾಗಿ ಕೇಳಿಸುವುದಿಲ್ಲ.

ಮಕ್ಕಳ ಈ ತಪ್ಪುಗಳನ್ನು ದಡ್ಡತನವೆಂದು ಎಣಿಸುವವರಿಗೆ ವಿಜ್ಞಾನದ ಚರಿತ್ರೆಯನ್ನು ನೆನಪಿಸಬೇಕಾಗುತ್ತದೆ. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1735ರಲ್ಲಿ ಮೊದಲ ಬಾರಿ ತನ್ನ ವರ್ಗೀಕರಣದ ಗ್ರಂಥವನ್ನು ಪ್ರಕಟಿಸಿದಾಗ, ಇಂದು ನಾವು ಸಸ್ತನಿ ಎನ್ನುವ ಗುಂಪಿಗೆ ಆತ ಕೊಟ್ಟಿದ್ದ ಹೆಸರಿನ ಅರ್ಥ ನಾಲ್ಕು ಕಾಲಿನವು ಎಂದು. ತಿಮಿಂಗಿಲವನ್ನು ಮೀನುಗಳ ಜೊತೆಗಿಟ್ಟಿದ್ದ. 1758ರ ಹತ್ತನೆಯ ಆವೃತ್ತಿಯಲ್ಲಿ ಆತ ಗುಂಪಿನ ಹೆಸರನ್ನು ಹಾಲೂಡಿಸುವ ಅಂಗವನ್ನು ಸೂಚಿಸುವ ಮ್ಯಾಮೇಲಿಯಾ ಎಂದು ಬದಲಿಸಿ, ತಿಮಿಂಗಿಲವನ್ನು ಅಲ್ಲಿಗೆ ತಂದ. ಅಷ್ಟಾದರೂ ಆ ಆವೃತ್ತಿಯ ಆರು ವರ್ಗಗಳಲ್ಲಿ ಕೊನೆಯದು ಹುಳುಗಳು ಎಂಬ ಅರ್ಥದ ವರ್ಮೀಸ್. ಬೇರೆಲ್ಲೂ ಹೊಂದದ ಬಸವನಹುಳು, ಎರೆಹುಳು, ನಕ್ಷತ್ರಮೀನು ಎಲ್ಲವೂ ಅದರೊಳಗೆ ಬಂದು ಬಿದ್ದಿದ್ದವು. ಅಳಿದುಳಿದದ್ದನ್ನೆಲ್ಲ ಹುಳು ಎಂದು ಕಟ್ಟಿಡುವ ನಮ್ಮ ಮಗು, ಈ ಮಹಾಶಯನಿಗಿಂತ ಬೇರೆಯಾದದ್ದೇನನ್ನೂ ಮಾಡುತ್ತಿಲ್ಲ. ಆ ಗಂಟನ್ನು ಬಿಚ್ಚುವ ಕೆಲಸಕ್ಕೆ ಹಲವು ದಶಕಗಳ ನಂತರ ಕೈಹಾಕಿದವನು ಫ್ರಾನ್ಸಿನ ಲಾಮಾರ್ಕ್. ಬೆನ್ನುಮೂಳೆಯಿಲ್ಲದ ಪ್ರಾಣಿಗಳ ಬಗ್ಗೆ 1801ರಲ್ಲಿ ಗ್ರಂಥ ಬರೆದ ಆತನೇ ಎಂಟು ಕಾಲಿನ ಜೇಡವನ್ನು ಆರು ಕಾಲಿನ ಕೀಟಗಳಿಂದ ಬೇರ್ಪಡಿಸಿದ. ಇವರಿಬ್ಬರಿಗೂ ಎರಡು ಸಾವಿರ ವರ್ಷ ಹಿಂದೆಯೇ ಅರಿಸ್ಟಾಟಲ್, ಡಾಲ್ಫಿನ್ ಗಾಳಿಯನ್ನು ಉಸಿರಾಡುತ್ತದೆ, ಮರಿಗೆ ಹಾಲೂಡಿಸುತ್ತದೆ ಎಂದು ಬರೆದಿಟ್ಟಿದ್ದ ಎಂಬುದನ್ನೂ ಮರೆಯುವಂತಿಲ್ಲ.

ಇನ್ನು ತರಗತಿಯೊಳಗಿನ ಕೆಲಸ. ಮೊದಲ ದಿನ ಪಠ್ಯಪುಸ್ತಕವನ್ನು ತೆರೆಯದಿರುವುದು ಒಳ್ಳೆಯದು. ಹತ್ತು ಹನ್ನೆರಡು ಪ್ರಾಣಿಗಳ ಚಿತ್ರಗಳನ್ನು ಹೆಸರು ಬರೆಯದೆ ಮಕ್ಕಳ ಕೈಗೆ ಕೊಟ್ಟು, ಒಂದಕ್ಕೊಂದು ಹೊಂದುವುದನ್ನು ಒಟ್ಟಿಗಿಡಲು ಹೇಳಬೇಕು. ಅವರು ತಮ್ಮೊಳಗೆ ಯಾವ ಭಾಷೆಯಲ್ಲಿ ಬೇಕಾದರೂ, ಎರಡನ್ನೂ ಬೆರೆಸಿಯಾದರೂ ಮಾತನಾಡಲಿ. ಸಾಮಾನ್ಯವಾಗಿ ಮೊದಲು ಬರುವ ಗುಂಪುಗಳು ವಾಸಸ್ಥಳದವು: ಮೀನು, ತಿಮಿಂಗಿಲ, ಕಪ್ಪೆ, ಬಾತುಕೋಳಿ ನೀರಿನವು, ಕಾಗೆ, ಬಾವಲಿ, ಚಿಟ್ಟೆ ಹಾರುವವು. ಇದು ತಪ್ಪು ಎಂದು ಹೇಳುವ ಆತುರ ಬೇಡ, ಏಕೆಂದರೆ ಇದು ತಪ್ಪಲ್ಲ. ಒಂದು ನಿಯಮವನ್ನಿಟ್ಟುಕೊಂಡು ಅದಕ್ಕೆ ಬದ್ಧವಾಗಿ ಮಾಡಿದ ವಿಂಗಡಣೆ ಇದು. ಕೇಳಬೇಕಾದ ಪ್ರಶ್ನೆ, ಈ ಗುಂಪಿನ ಒಂದು ಪ್ರಾಣಿಯನ್ನು ತಿಳಿದರೆ ಉಳಿದವುಗಳ ಬಗ್ಗೆ ಎಷ್ಟು ತಿಳಿದಂತಾಯಿತು ಎಂಬುದು.

ಈ ಪ್ರಶ್ನೆಯ ಮೇಲೆ ಎಷ್ಟು ಹೊತ್ತು ನಿಂತರೂ ನಷ್ಟವಿಲ್ಲ. ನೀರಿನಲ್ಲಿ ವಾಸಿಸುತ್ತದೆ ಎಂದು ಗೊತ್ತಾದ ಮಾತ್ರಕ್ಕೆ ಒಂದು ಪ್ರಾಣಿ ಹೇಗೆ ಉಸಿರಾಡುತ್ತದೆ, ಮೊಟ್ಟೆಯಿಡುತ್ತದೆಯೋ ಮರಿ ಹಾಕುತ್ತದೆಯೋ, ಮೂಳೆಯಿದೆಯೋ ಇಲ್ಲವೋ ಎಂಬುದೊಂದೂ ತಿಳಿಯುವುದಿಲ್ಲ. ಅದೇ, ಮೈಮೇಲೆ ಗರಿಗಳಿವೆ ಎಂಬ ಒಂದೇ ಮಾತು ತಿಳಿದರೆ, ಆ ಪ್ರಾಣಿಯನ್ನು ಕಣ್ಣಾರೆ ಕಾಣದೆಯೂ ಅದಕ್ಕೆ ಕೊಕ್ಕಿದೆ, ಬೆನ್ನುಮೂಳೆಯಿದೆ, ಅದು ಶ್ವಾಸಕೋಶದಿಂದ ಉಸಿರಾಡುತ್ತದೆ, ಗಟ್ಟಿ ಚಿಪ್ಪಿನ ಮೊಟ್ಟೆಯಿಡುತ್ತದೆ ಎಂದು ಹೇಳಬಹುದು; ಹಾರುತ್ತದೆ ಎಂದು ಮಾತ್ರ ಹೇಳಲಾಗದು, ಉಷ್ಟ್ರಪಕ್ಷಿ ಮತ್ತು ಪೆಂಗ್ವಿನ್ ಅದಕ್ಕೆ ಸಾಕ್ಷಿ. ವಿಜ್ಞಾನಿಗಳು ವಾಸಸ್ಥಳಕ್ಕಿಂತ ಮೈಯ ರಚನೆಗೆ ಮನ್ನಣೆ ಕೊಟ್ಟಿರುವುದು ಇದಕ್ಕಾಗಿ. ಈ ಕಾರಣವನ್ನು ಹೇಳದೆ, ಹಕ್ಕಿಗೆ ಗರಿಯಿರುತ್ತದೆ, ಬರೆದುಕೊಳ್ಳಿ ಎಂದರೆ ಅದು ಬರೀ ಆಜ್ಞೆಯಾಗುತ್ತದೆ. ಎಂಟು ಒಂಬತ್ತು ವರ್ಷದ ಮಕ್ಕಳಿಗೆ ಈ ಕಾರಣ ಅರ್ಥವಾಗುತ್ತದೆ. ಅವರ ಮಾತಿನಲ್ಲಿ ಹೇಳಬೇಕಷ್ಟೆ.

ಅವರ ಮಾತಿನಲ್ಲಿ ಎಂದಾಗ ಪದಗಳ ಆಯ್ಕೆಯ ಪ್ರಶ್ನೆ ಬರುತ್ತದೆ. ಕನ್ನಡದ ಶಾಸ್ತ್ರಪದಗಳಿಗೆ ಒಂದು ದೊಡ್ಡ ಅನುಕೂಲವಿದೆ, ಅವು ಬಿಡಿಸಿದರೆ ಬಿಚ್ಚಿಕೊಳ್ಳುತ್ತವೆ. ಉಭಯಚರ ಎಂದರೆ ಎರಡೂ ಕಡೆ ಚರಿಸುವುದು. ಆಂಫಿಬಿಯನ್ ಎಂಬ ಗ್ರೀಕ್ ಮೂಲದ ಪದದ ಅರ್ಥವೂ ಎರಡು ಬಗೆಯ ಬಾಳು. ಸರೀಸೃಪ ಎಂದರೆ ಹರಿದಾಡುವುದು. ರೆಪ್ಟೈಲ್ ಎಂದರೂ ಅದೇ. ಎರಡು ಭಾಷೆಗಳ ಪದಗಳನ್ನು ಹೀಗೆ ಒಟ್ಟಿಗೆ ಬಿಡಿಸಿ ತೋರಿಸಿದರೆ, ಕಂಠಪಾಠ ಮಾಡಬೇಕಾದ ಎರಡು ಪಟ್ಟಿಗಳು ಒಂದಾಗುತ್ತವೆ. ಆದರೆ ಇದೇ ಅನುಕೂಲ ಅಪಾಯವೂ ಹೌದು. ಪದದ ಅರ್ಥವನ್ನೇ ಲಕ್ಷಣವೆಂದು ಹಿಡಿದ ಮಗು, ನೆಲದ ಮೇಲೂ ನೀರಿನಲ್ಲೂ ಇರುವ ಮೊಸಳೆಯನ್ನು ಉಭಯಚರ ಎಂದು ಬರೆಯುತ್ತದೆ. ಮೊಸಳೆ ಹುಟ್ಟಿನಿಂದಲೇ ಗಾಳಿಯನ್ನು ಉಸಿರಾಡುತ್ತದೆ, ನೆಲದ ಮೇಲೆ ಚಿಪ್ಪಿನ ಮೊಟ್ಟೆಯಿಡುತ್ತದೆ; ಕಪ್ಪೆಯಾದರೋ ಲೋಳೆಯಂಥ ಮೊಟ್ಟೆಗಳನ್ನು ಹೆಚ್ಚಾಗಿ ನೀರಿನಲ್ಲೇ ಬಿಟ್ಟು, ಮರಿಯಾಗಿದ್ದಾಗ ಕಿವಿರಿನಿಂದ ಉಸಿರಾಡಿ, ಬೆಳೆದ ಮೇಲೆ ಶ್ವಾಸಕೋಶಕ್ಕೆ ಬದಲಾಗುತ್ತದೆ. ಎರಡು ಬಾಳು ಎಂಬ ಮಾತು ಸೂಚಿಸುವುದು ಈ ಬದಲಾವಣೆಯನ್ನು ಎಂದು ವಿವರಿಸಬೇಕು. ಅಂದ ಹಾಗೆ, ಮೊಸಳೆಯನ್ನೂ ಹಾವನ್ನೂ ಕಪ್ಪೆಯ ಜೊತೆಗೆ ಆಂಫಿಬಿಯಾ ಎಂದು ಸೇರಿಸಿದವರಲ್ಲಿ ಲಿನೇಯಸ್ಸೂ ಒಬ್ಬ.

ದಿನಬಳಕೆಯ ಚಿಕ್ಕ ಪದಗಳು ಶಾಸ್ತ್ರಪದಗಳಿಗಿಂತ ಹೆಚ್ಚು ಗೊಂದಲ ಮಾಡುತ್ತವೆ, ಶಿಕ್ಷಕರು ಅವುಗಳತ್ತ ನೋಡುವುದು ಕಡಿಮೆ. ಹಕ್ಕಿಗೆ ರೆಕ್ಕೆಯಿದೆ ಎಂದು ಬರೆದ ಮಗುವಿನ ಮನಸ್ಸಿನಲ್ಲಿರುವುದು ರೆಕ್ಕೆಯೋ ಗರಿಯೋ ಎಂದು ವಿಚಾರಿಸಬೇಕು. ರೆಕ್ಕೆ ಚಿಟ್ಟೆಗೂ ಇದೆ, ಬಾವಲಿಗೂ ಇದೆ, ಗರಿ ಇರುವುದು ಹಕ್ಕಿಗೆ ಮಾತ್ರ. ಬೆನ್ನುಹುರಿ ಎಂದರೆ ನರಗಳ ಹುರಿ, ಬೆನ್ನುಮೂಳೆ ಎಂದರೆ ಅದನ್ನು ಕಾಯುವ ಎಲುಬುಗಳ ಸಾಲು. ಇವೆರಡನ್ನು ದೊಡ್ಡವರೂ ಅದಲುಬದಲು ಮಾಡುತ್ತಾರೆ. ಇಂಗ್ಲಿಷಿನಲ್ಲಿ ಮೀನಿಗೂ ಹಾವಿಗೂ ಸ್ಕೇಲ್ ಇದೆ ಎಂದು ಓದಿದಾಗ, ಸ್ಕೇಲ್ ಎಂದರೆ ಗೆರೆ ಎಳೆಯುವ ಅಳತೆಪಟ್ಟಿ ಎಂದಷ್ಟೇ ಬಲ್ಲ ಮಗು ಏನೆಂದು ಊಹಿಸಿಕೊಳ್ಳಬೇಕು? ಬ್ಯಾಟ್ ಎಂಬ ಪದದ ಗತಿಯೂ ಇದೇ. ಕ್ಲಾಸ್ ಎಂದರೆ ತಾನು ಕುಳಿತಿರುವ ಕೋಣೆ ಎಂದು ತಿಳಿದವನಿಗೆ ಹಕ್ಕಿಗಳದ್ದೊಂದು ಕ್ಲಾಸ್ ಎಂಬ ವಾಕ್ಯ ವಿಚಿತ್ರವಾಗಿಯೇ ಕೇಳಿಸುತ್ತದೆ. ಇವನ್ನೆಲ್ಲ ಪಾಠಕ್ಕೆ ಮುಂಚೆ ಐದು ನಿಮಿಷ ಮಾತನಾಡಿ ಮುಗಿಸಬಹುದು.

ಪದಗಳ ನಂತರ ವಾಕ್ಯ. ವರ್ಗೀಕರಣವು ಒಂದು ಬಗೆಯ ವಾಕ್ಯಗಳನ್ನು ಬೇಡುತ್ತದೆ, ಅವು ಆಟದ ಬಯಲಿನಲ್ಲಿ ಕೇಳಿಬರುವಂಥವಲ್ಲ. ಗರಿಯಿರುವ ಪ್ರಾಣಿಯೇ ಹಕ್ಕಿ ಎನ್ನುವಾಗ ಕನ್ನಡದಲ್ಲಿ ಲಕ್ಷಣ ಮೊದಲು ಬಂದು ಪ್ರಾಣಿ ಎಂಬ ಹೆಸರು ಆಮೇಲೆ ಬರುತ್ತದೆ. ಇಂಗ್ಲಿಷಿನಲ್ಲಿ ಎ ಬರ್ಡ್ ಈಸ್ ಆ್ಯನ್ ಅನಿಮಲ್ ದಟ್ ಹ್ಯಾಸ್ ಫೆದರ್ಸ್ ಎನ್ನುವಾಗ ಪ್ರಾಣಿ ಮೊದಲು, ಲಕ್ಷಣ ಕೊನೆಗೆ. ವಿಷಯ ತಿಳಿದಿದ್ದೂ ಇಂಗ್ಲಿಷಿನಲ್ಲಿ ಬರೆಯುವಾಗ ತಡವರಿಸುವ ಮಗು ಅನೇಕ ವೇಳೆ ಎಡವಿರುವುದು ಈ ಹಿಂದುಮುಂದಿನಲ್ಲಿ. ಎರಡು ವಾಕ್ಯಗಳನ್ನು ಒಂದರ ಕೆಳಗೊಂದು ಬರೆದು ಗೆರೆ ಎಳೆದು ತೋರಿಸಿದರೆ ಅದು ಕಣ್ಣಿಗೇ ಕಾಣುತ್ತದೆ. ಎಲ್ಲ, ಕೆಲವು, ಯಾವುದೂ ಇಲ್ಲ ಎಂಬ ಪದಗಳೂ ಅಷ್ಟೇ ಮುಖ್ಯ. ಎಲ್ಲ ಹಕ್ಕಿಗಳೂ ಮೊಟ್ಟೆಯಿಡುತ್ತವೆ ಎಂಬುದು ನಿಜ; ಮೊಟ್ಟೆಯಿಡುವುದೆಲ್ಲ ಹಕ್ಕಿ ಎಂಬುದು ನಿಜವಲ್ಲ. ಈ ತಿರುವುಮುರುವನ್ನು ಮಗು ಯಾವ ಭಾಷೆಯಲ್ಲಿ ಹೆಚ್ಚು ನಿರಾಳವಾಗಿ ಯೋಚಿಸಬಲ್ಲದೋ ಆ ಭಾಷೆಯಲ್ಲಿ ಮೊದಲು ಪಳಗಿಸಬೇಕು.

ದ್ವಿಭಾಷಾ ಶಿಕ್ಷಣದ ಬಗ್ಗೆ ಸಂಶೋಧನೆ ಮಾಡಿದ ಕೆನಡಾದ ಜಿಮ್ ಕಮಿನ್ಸ್ 1979ರಲ್ಲಿ ಮಾಡಿದ ಒಂದು ವಿವೇಚನೆ ಇಲ್ಲಿ ನೆರವಿಗೆ ಬರುತ್ತದೆ. ಆಟ ಹರಟೆಗಳಿಗೆ ಬೇಕಾಗುವ ಭಾಷೆ ಬೇರೆ, ಹೋಲಿಸಲು, ಕಾರಣ ಕೊಡಲು, ಲಕ್ಷಣ ಹೇಳಲು ಬೇಕಾಗುವ ಓದಿನ ಭಾಷೆ ಬೇರೆ ಎಂದು ಅವರು ಬೇರ್ಪಡಿಸಿದರು. ಹೊಸ ಭಾಷೆಯಲ್ಲಿ ಮೊದಲನೆಯದು ಸುಮಾರು 2 ವರ್ಷಗಳಲ್ಲಿ ಕೈಗೂಡಿದರೆ, ಎರಡನೆಯದಕ್ಕೆ 5 ವರ್ಷ ಅಥವಾ ಅದಕ್ಕೂ ಹೆಚ್ಚು ಬೇಕಾಗುತ್ತದೆ ಎಂಬುದು ಅವರ ಎಣಿಕೆ. ಒಂದು ಭಾಷೆಯಲ್ಲಿ ಪಡೆದ ಪರಿಕಲ್ಪನೆ ಇನ್ನೊಂದಕ್ಕೂ ದಕ್ಕುತ್ತದೆ, ಎರಡಕ್ಕೂ ಅಡಿಪಾಯ ಒಂದೇ ಎಂದೂ ಅವರು ವಾದಿಸಿದರು. ವೇಲ್ಸಿನ ದ್ವಿಭಾಷಾ ಶಾಲೆಗಳ ಬಗ್ಗೆ 1990ರ ದಶಕದಲ್ಲಿ ಕೆಲಸ ಮಾಡಿದ ಕೆನ್ ವಿಲಿಯಮ್ಸ್ ಇನ್ನೂ ಸರಳವಾದ ಕ್ರಮವೊಂದನ್ನು ವಿವರಿಸಿದರು: ಒಂದು ಭಾಷೆಯಲ್ಲಿ ಓದುವುದು ಅಥವಾ ಕೇಳುವುದು, ಇನ್ನೊಂದರಲ್ಲಿ ಬರೆಯುವುದು ಅಥವಾ ಹೇಳುವುದು. ಓದಿದ್ದನ್ನು ಅರ್ಥ ಮಾಡಿಕೊಳ್ಳದೆ ನಕಲು ಮಾಡುವ ದಾರಿ ಇದರಿಂದ ಮುಚ್ಚಿಹೋಗುತ್ತದೆ. ತಿಮಿಂಗಿಲದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟ ಓದಿ, ಅದು ಏಕೆ ಮೀನಲ್ಲ ಎಂದು ಕನ್ನಡದಲ್ಲಿ ನಾಲ್ಕು ವಾಕ್ಯ ಬರೆಯಬೇಕಾದ ಮಗು, ಓದಿದ್ದನ್ನು ಮನಸ್ಸಿನೊಳಗೆ ಕರಗಿಸಿಕೊಳ್ಳದೆ ಒಂದು ವಾಕ್ಯವನ್ನೂ ಬರೆಯಲಾರದು.

ವಿನಾಯಿತಿಯ ಪ್ರಾಣಿಗಳನ್ನು ಪಾಠದ ಕೊನೆಗೆ ತಳ್ಳುವ ರೂಢಿ ನನಗೆ ಒಪ್ಪಿಗೆಯಿಲ್ಲ. ಆಸ್ಟ್ರೇಲಿಯಾದ ಪ್ಲಾಟಿಪಸ್ಸನ್ನು ನೋಡಿ. ಬಾತುಕೋಳಿಯಂಥ ಮೂತಿ, ಮೈತುಂಬ ತುಪ್ಪಳ. 1799ರಲ್ಲಿ ಅದನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದ ಜಾರ್ಜ್ ಶಾ ಅವರಿಗೆ, ಯಾರೋ ಎರಡು ಪ್ರಾಣಿಗಳನ್ನು ಸೇರಿಸಿ ಹೊಲಿದಿರಬಹುದೆಂಬ ಅನುಮಾನ ಬಂದಿತ್ತು. ಅದು ಮೊಟ್ಟೆಯಿಡುತ್ತದೆ ಎಂಬುದು ವಿಜ್ಞಾನಿಗಳಿಗೆ ಖಚಿತವಾದದ್ದು 1884ರಲ್ಲಿ. ಮೊಟ್ಟೆಯಿಟ್ಟರೂ ಅದು ಮರಿಗೆ ಹಾಲೂಡಿಸುತ್ತದೆ. ಮೊಲೆತೊಟ್ಟಿಲ್ಲದಿರುವುದರಿಂದ ಹಾಲು ಚರ್ಮದ ಮೇಲೆ ಒಸರುತ್ತದೆ. ಸಸ್ತನಿ ಎಂಬ ಪದದ ಸ್ತನವುಳ್ಳದ್ದು ಎಂಬ ಅಕ್ಷರಾರ್ಥಕ್ಕೆ ಪೂರ್ತಿ ಒಗ್ಗದ ಈ ಪ್ರಾಣಿ ಸಸ್ತನಿಯೇ ಆಗಿದೆ. ಹೆಸರು ಹೇಳುವುದನ್ನು ನಂಬಬೇಕೋ, ಮೈ ಹೇಳುವುದನ್ನು ನಂಬಬೇಕೋ ಎಂದು ಇದನ್ನು ಮುಂದಿಟ್ಟುಕೊಂಡು ಮಕ್ಕಳು ಅರ್ಧ ಗಂಟೆ ವಾದಿಸಲಿ.

ಕೊನೆಯದಾಗಿ ಉತ್ತರಪತ್ರಿಕೆಯ ವಿಷಯ. ಬಾವಲಿ ಹಕ್ಕಿಯೇ ಎಂಬ ಪ್ರಶ್ನೆಗೆ ಒಂದು ಮಗು, ಬಾವಲಿ ಬರ್ಡ್ ಅಲ್ಲ, ಯಾಕೆಂದರೆ ಅದಕ್ಕೆ ಫೆದರ್ ಇಲ್ಲ, ಫರ್ ಇದೆ, ಮರಿಗೆ ಮಿಲ್ಕ್ ಕೊಡುತ್ತದೆ ಎಂದು ಬರೆಯಿತೆನ್ನಿ. ಇನ್ನೊಂದು ಮಗು ಒಂದೇ ಭಾಷೆಯಲ್ಲಿ, ಒಂದೂ ಕಾಗುಣಿತದ ತಪ್ಪಿಲ್ಲದೆ, ಬಾವಲಿಯು ಸಸ್ತನಿ ವರ್ಗಕ್ಕೆ ಸೇರಿದ ಪ್ರಾಣಿಯಾಗಿದೆ ಎಂದಷ್ಟೇ ಬರೆಯಿತು. ವಿಜ್ಞಾನದ ಪೂರ್ಣ ಅಂಕ ಸಲ್ಲಬೇಕಾದದ್ದು ಮೊದಲನೆಯ ಉತ್ತರಕ್ಕೆ, ಕಾರಣ ಕೊಟ್ಟಿರುವುದು ಅದೇ. ಫೆದರ್, ಫರ್ ಎಂಬ ಪದಗಳ ಪಕ್ಕದಲ್ಲಿ ಗರಿ, ತುಪ್ಪಳ ಎಂದು ಪೆನ್ಸಿಲಿನಲ್ಲಿ ಬರೆದು ಹಿಂದಿರುಗಿಸಿದರೆ ಆಯಿತು. ಎರಡನೆಯ ಮಗುವನ್ನು ಮಾತ್ರ ಹತ್ತಿರ ಕರೆದು, ಬಾವಲಿ ಸಸ್ತನಿ ಎಂದು ನಿನಗೆ ಹೇಗೆ ಗೊತ್ತಾಯಿತು, ನಿನಗೆ ಬೇಕಾದ ಭಾಷೆಯಲ್ಲಿ ಹೇಳು ಎಂದು ಕೇಳಬೇಕು.

ನಮಸ್ಕಾರ.